ಪ್ರೇಮಿಯ ಬಂಡೆಯ ಹಿಂಬದಿ

ಸತ್ತ ತಂಗಿಯ ಕಥೆಯನ್ನು ಟಿಕೆಟ್ ಇಟ್ಟು ಹೇಳುತ್ತಿದ್ದಾರೆ ಎಂಬುದು ಅವಳಿಗೆ ತಿಳಿದದ್ದು ಕನ್ನಡಕದ ಅಂಗಡಿಯಲ್ಲಿ, ಒಂದು ಮಧ್ಯಾಹ್ನ, ಯಾರದೋ ಚಾಳೀಸಿನ ಕಡ್ಡಿಗೆ ತಿರುಪು ಕೂರಿಸುತ್ತಿದ್ದಾಗ. ಅಂಗಡಿಯಲ್ಲಿ ಬಿಲ್ಲು ಬರೆಯುವವಳು ಭಾನುವಾರ ಗಂಡನ ಜೊತೆ ಕಡಲು-ಬೆಟ್ಟದ ಒಂದು ದಿನದ ಪ್ರವಾಸಕ್ಕೆ ಹೋಗಿ ಬಂದಿದ್ದಳು. ಮೊಬೈಲನ್ನು ಇವಳ ಮೂಗಿನ ಕೆಳಗೆ ಹಿಡಿದು ಒಂದೊಂದೇ ಫೋಟೋ ಸರಿಸುತ್ತಿದ್ದಳು.

"ಇದು ನೋಡೇ, ಪ್ರೇಮಿಯ ಬಂಡೆ. ಇಲ್ಲಿಂದ ಒಬ್ಳು ಹಾರಿಬಿಟ್ಟಳಂತೆ ಕಣೇ. ಅಲ್ಲೇ ಕ್ಯಾಂಟೀನಲ್ಲಿ ಕೆಲಸಕ್ಕಿದ್ದೋಳು. ಟೂರಿಸ್ಟ್ ಬಸ್ಸಿನ ಡ್ರೈವರು ಯಾರೋ, ಬಂದು ಕರ್ಕೊಂಡು ಹೋಗ್ತೀನಿ ಅಂದೋನು ಬರಲೇ ಇಲ್ವಂತೆ. ಆ ಗೈಡು ಹೇಳ್ತಾ ಇದ್ರೆ ಬಸ್ಸಲ್ಲಿ ಅರ್ಧ ಜನ ಮೂಗು ಒರೆಸ್ಕೊಂಡ್ರು."

ಚಿಮುಟದ ತುದಿಯಿಂದ ತಿರುಪು ಜಾರಿ ನೆಲಕ್ಕೆ ಬಿತ್ತು. ಅದನ್ನು ಹುಡುಕುವ ನೆಪದಲ್ಲಿ ಅವಳು ಮೇಜಿನ ಕೆಳಗೆ ತೂರಿದಳು. ಅಲ್ಲಿ ಕತ್ತಲಿತ್ತು, ಮುಖ ಹೇಗಾದರೂ ಆಗಲಿ, ನೋಡುವವರಿಲ್ಲ. ತಿರುಪು ಸಿಕ್ಕಿದ ಮೇಲೂ ಒಂದಷ್ಟು ಹೊತ್ತು ಅಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದಳು. ಅವಳಿಗೊಬ್ಬ ತಂಗಿ ಇದ್ದಳೆಂಬುದು ಅಂಗಡಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ತಂಗಿಯನ್ನು ಮನೆಯಲ್ಲಿ ಎಲ್ಲರೂ ಮೆಣಸು ಎಂದೇ ಕರೆಯುತ್ತಿದ್ದರು. ಆಳು ಗಿಡ್ಡ, ಕೋಪ ಮೂಗಿನ ತುದಿಯಲ್ಲಿ. ಪಕ್ಕದ ಮನೆಯವನು ಅಮ್ಮನಿಗೆ ಏನೋ ಅಂದನೆಂದು ಅವನ ಸೈಕಲ್ಲಿನ ಎರಡೂ ಚಕ್ರದ ಗಾಳಿ ಬಿಟ್ಟು, ಬಿಟ್ಟವಳು ನಾನೇ ಎಂದು ಬಾಗಿಲು ತಟ್ಟಿ ಹೇಳಿ ಬಂದಿದ್ದಳು. ಒಂದೇ ಕೋಣೆಯ ಮನೆಯಲ್ಲಿ ಅಕ್ಕನ ಜೊತೆ ಕಿತ್ತಾಡಿ ಸಾಕಾಗಿ, ಬೆಟ್ಟದ ಮೇಲಿನ ಕ್ಯಾಂಟೀನಿನಲ್ಲಿ ಊಟ ವಸತಿ ಕೊಟ್ಟು ಕೆಲಸ ಕೊಡುತ್ತಾರಂತೆ ಎಂದು ಹೋದಳು. ಹೋದವಳು ವರ್ಷ ತುಂಬುವ ಮೊದಲೇ ಹೆಣವಾಗಿ ಬಂದಳು. ಅದಾಗಿ ಆರು ವರ್ಷ. ಹೆಣ ತಂದವನು ಚಿಕ್ಕಪ್ಪ. ಕ್ಯಾಂಟೀನಿನ ಯಜಮಾನ ಏನು ಹೇಳಿ ಕಳಿಸಿದನೋ ಅದನ್ನೂ ಹೆಣದ ಜೊತೆಗೇ ಹೊತ್ತು ತಂದ: ಹುಡುಗಿ ಯಾವನನ್ನೋ ನೆಚ್ಚಿಕೊಂಡಿದ್ದಳು, ಅವನು ಕೈಕೊಟ್ಟ, ಹಾರಿಕೊಂಡಳು.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಎಲ್ಲೆಲ್ಲೂ ಇರುತ್ತಾರೆ. ಆ ದಿನ ಅವರು ಇವರ ಮನೆಯಲ್ಲೇ ಇದ್ದರು. ಯಾರೂ ಏನೂ ಕೇಳಲಿಲ್ಲ. ಬೇಕರಿಯಲ್ಲಿ ಒಲೆ ನೋಡಿಕೊಳ್ಳುತ್ತಿದ್ದ ಅಪ್ಪ ಸುದ್ದಿ ಕೇಳಿ, ಹಿಟ್ಟಿನಿಂದ ಕೈ ಕೂಡ ತೆಗೆಯದೆ, "ಯಾವನಿಗೋಸ್ಕರ ಸತ್ತಳೋ ಅವನೇ ಬಂದು ಎತ್ತಲಿ" ಅಂದ. ಹೆಣ ಮನೆಯಿಂದ ಹೊರಟು ಹೋಗುವವರೆಗೂ ಬೇಕರಿಯಿಂದ ಹೊರಗೆ ಬರಲಿಲ್ಲ. ಮರುವರ್ಷ ಅಮ್ಮ ಹೋದಳು. ಮಗಳು ಸತ್ತ ದಿನದಿಂದ ಈಚೆಗೆ ಅಪ್ಪನ ಬಾಯಲ್ಲಿ ಮೆಣಸು ಎಂಬ ಶಬ್ದ ಬಂದಿರಲಿಲ್ಲ. ಅಡುಗೆಗೆ ಬೇಕಾದಾಗಲೂ "ಆ ಕರೀ ಕಾಳು" ಅನ್ನುತ್ತಿದ್ದ.

ಈಗ ಅಪ್ಪ ಇರುವುದು ಹಿರಿಯ ಮಗಳ ಮನೆಯಲ್ಲೇ. ಕೆಲಸ ಬಿಟ್ಟಾಗಿದೆ, ಮುಂಗೈಗಳ ಮೇಲೆ ಒಲೆಯ ಸುಟ್ಟ ಗೆರೆಗಳು ಮಾತ್ರ ಉಳಿದಿವೆ. ಆ ಸಂಜೆ ಅವನು ಮೊಮ್ಮಗನಿಗೆ ಬ್ರೆಡ್ಡು ಕತ್ತರಿಸುತ್ತಿದ್ದ. ಅವಳು ಚಪ್ಪಲಿ ಬಿಡುತ್ತಲೇ ಶುರುಮಾಡಿದಳು.

"ನಿಮ್ಮ ಮಗಳ ಕಥೆಗೆ ಈಗ ಟಿಕೆಟ್ ಇಟ್ಟಿದಾರೆ, ಗೊತ್ತಾ? ಬಸ್ಸು ಮಾಡ್ಕೊಂಡು ಹೋಗಿ ಕೇಳ್ತಾರಂತೆ. ಅತ್ತು, ಫೋಟೋ ತೆಗೆಸ್ಕೊಂಡು ಬರ್ತಾರಂತೆ."

ಅಪ್ಪನ ಚಾಕು ನಿಂತಿತು. ಅವಳು ಎಲ್ಲವನ್ನೂ ಹೇಳಿದಳು, ಬಿಲ್ಲು ಬರೆಯುವವಳು ಹೇಳಿದ್ದಕ್ಕಿಂತ ತುಸು ಒರಟಾಗಿಯೇ ಹೇಳಿದಳು. ಅಪ್ಪ ಬೈಯುತ್ತಾನೆ, ಎದ್ದು ಹೋಗುತ್ತಾನೆ ಅಂದುಕೊಂಡಿದ್ದಳು. ಅವನು ಚಾಕುವಿಗೆ ಅಂಟಿದ್ದ ಪುಡಿಯನ್ನು ಹೆಬ್ಬೆರಳಿನಿಂದ ಒರೆಸಿದ.

"ಎಷ್ಟು ಹೊತ್ತಿಗೆ ಹೊರಡುತ್ತೆ ಆ ಬಸ್ಸು?"

"ಯಾಕೆ?"

"ನಾನು ನೋಡಿಲ್ಲ ಆ ಜಾಗ" ಅಂದ ಅಪ್ಪ. "ನಿಮ್ಮಮ್ಮನೂ ನೋಡಲಿಲ್ಲ."

ಮುಂದಿನ ಭಾನುವಾರ ಬೆಳಿಗ್ಗೆ ಇಬ್ಬರೂ ಬಸ್ಸಿನಲ್ಲಿ ಕೂತಿದ್ದರು. ಅಪ್ಪ ಮದುವೆಮನೆಗೆ ಹೊರಟವನಂತೆ ಗಡ್ಡ ಹೆರೆಸಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. ಮುಂದಿನ ಸೀಟಿನಲ್ಲಿ ಹೊಸದಾಗಿ ಮದುವೆಯಾದ ಜೋಡಿ. ಆ ಕಡೆ ಕುತ್ತಿಗೆಗೆ ದುರ್ಬೀನು ನೇತುಹಾಕಿಕೊಂಡ ಒಬ್ಬ ನಿವೃತ್ತ ಮೇಷ್ಟ್ರು. ಗೈಡು ಐವತ್ತು ದಾಟಿದವನು, ಬಿಳಿ ಟೋಪಿ, ಮೈಕು ತಿಂದುಬಿಡುವವನಂತೆ ಬಾಯಿಗೆ ಒತ್ತಿಕೊಂಡಿದ್ದ.

"ಬಲಗಡೆ ಕೂತಿರೋರಿಗೆ ಸಮುದ್ರ. ಎಡಗಡೆ ಕೂತಿರೋರಿಗೆ ಬಲಗಡೆ ಕೂತಿರೋರ ತಲೆ. ಬರೋವಾಗ ಅದಲು ಬದಲು. ನಮ್ಮ ಕಂಪನೀಲಿ ನ್ಯಾಯ ಅಂದ್ರೆ ನ್ಯಾಯ!"

ಬಸ್ಸು ನಕ್ಕಿತು. ಅಪ್ಪ ಬಲಗಡೆ ಕೂತಿದ್ದ, ಆದರೆ ಸಮುದ್ರದ ಕಡೆ ನೋಡದೆ ಗೈಡಿನ ಬಾಯನ್ನೇ ನೋಡುತ್ತಿದ್ದ.

ಮೊದಲು ದೀಪಸ್ತಂಭ, ಆಮೇಲೆ ಕಪ್ಪು ಬಂಡೆಗಳ ತೀರ. ಅಲೆಗಳು ಬಂಡೆಗಳ ಸಂದಿಗೆ ನುಗ್ಗಿ, ಉಸಿರು ಕಟ್ಟಿದವರಂತೆ ಮೇಲಕ್ಕೆ ಚಿಮ್ಮುತ್ತಿದ್ದವು. ಜನ ಇಳಿದರು, ನೆನೆದರು, ಕಿರುಚಿದರು. ಅಪ್ಪ ದಂಡೆಯ ಮೇಲೆ ಕೈಕಟ್ಟಿ ನಿಂತ. ಬಿಸಿಲಿಗೆ ನೀರು ಕಣ್ಣು ಕೋರೈಸುವಂತಿತ್ತು. ಇಷ್ಟು ಚಂದದ ದಿನದಲ್ಲಿ ಇಂಥ ಕೆಲಸಕ್ಕೆ ಬಂದಿದ್ದೇವಲ್ಲ ಎಂದು ಅವಳಿಗೆ ಯಾರ ಮೇಲೋ ಸಿಟ್ಟು ಬಂತು. ತಾನು ನಿಜವಾಗಿ ಯಾಕೆ ಬಂದೆ ಎಂಬುದು ಅವಳಿಗೇ ಸರಿಯಾಗಿ ಗೊತ್ತಿರಲಿಲ್ಲ. ಗೈಡಿನ ಬಾಯಿ ಮುಚ್ಚಿಸಲೋ, ಅಪ್ಪನಿಗೆ ನೋವಾಗುವುದನ್ನು ನೋಡಲೋ. ಎರಡನೆಯದು ಇರಲಾರದು ಎಂದು ಆಣೆ ಮಾಡಿ ಹೇಳಲು ಅವಳಿಂದ ಆಗುತ್ತಿರಲಿಲ್ಲ.

ಸಮುದ್ರ ಬಿಟ್ಟು ಬಸ್ಸು ಬೆಟ್ಟ ಹತ್ತತೊಡಗಿತು. ತಿರುವು ತಿರುವಿಗೂ ಯಾರಾದರೊಬ್ಬರು ಪ್ಲಾಸ್ಟಿಕ್ ಚೀಲ ಕೇಳುತ್ತಿದ್ದರು. ಮೇಲೆ ತಲುಪುವಾಗ ಮಂಜು ಹರಿದು, ಕೆಳಗೆ ಬಿಟ್ಟು ಬಂದ ಕಡಲು ತಟ್ಟೆಯಲ್ಲಿಟ್ಟ ತವರದ ಹಾಳೆಯಂತೆ ಕಾಣುತ್ತಿತ್ತು. ಬಂಡೆಯ ಸುತ್ತ ಕಬ್ಬಿಣದ ಕಟಕಟೆ; ಅದರ ಸರಳುಗಳಿಗೆ ಜೋಡಿಗಳು ಕಟ್ಟಿಹೋದ ಬಣ್ಣದ ರಿಬ್ಬನ್ನುಗಳು ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿದ್ದವು. ರಿಬ್ಬನ್ನು ಮಾರುವ ಅಂಗಡಿಯೂ ಪಕ್ಕದಲ್ಲೇ ಇತ್ತು.

ಗೈಡು ಟೋಪಿ ತೆಗೆದ. ದನಿ ಇಳಿಸಿದ.

"ಈ ಬಂಡೆ ಒಂದು ಹೆಣ್ಣಿನ ಕಣ್ಣೀರು ನೋಡಿದೆ. ಮೃದು ಸ್ವಭಾವದ ಹುಡುಗಿ. ಎದುರು ಮಾತು ಅಂದ್ರೆ ಗೊತ್ತಿಲ್ಲ. ದಿನಾ ಸಂಜೆ ಇಲ್ಲಿ ಬಂದು ನಿಂತು, ಕೆಳಗಿನ ರಸ್ತೇಲಿ ಅವನ ಬಸ್ಸಿನ ದೀಪ ಕಾಣುತ್ತಾ ಅಂತ ನೋಡೋಳು. ಅವನು ಬರಲಿಲ್ಲ. ಅವಳು ಯಾರಿಗೂ ಒಂದು ಮಾತು ಹೇಳಲಿಲ್ಲ…"

ಮೃದು ಸ್ವಭಾವ! ಅವಳಿಗೆ ನಗು ಒತ್ತರಿಸಿ ಬಂತು. ಮೆಣಸು ಒಬ್ಬ ಗಂಡಸಿಗಾಗಿ ಕಾಯುವುದೆ? ಕಾದರೂ, ಬಾರದವನನ್ನು ಹುಡುಕಿಕೊಂಡು ಹೋಗಿ ಅವನ ಬಸ್ಸಿನ ಗಾಜು ಒಡೆದು ಬರುವವಳು. ಇದು ಆರು ವರ್ಷದ ಹಿಂದೆಯೇ ತನಗೆ ಹೊಳೆಯಬೇಕಿತ್ತಲ್ಲ! ಗೊತ್ತಿಲ್ಲದ ಹುಡುಗಿಯೊಬ್ಬಳನ್ನು ಇವನು ತಂಗಿ ಎಂದು ತೋರಿಸುತ್ತಿದ್ದಾನೆ. ಅಂದು ತಾವೆಲ್ಲ ಅದೇ ಗೊತ್ತಿಲ್ಲದ ಹುಡುಗಿಯನ್ನು ಮಣ್ಣು ಮಾಡಿ ಕೈತೊಳೆದುಕೊಂಡಿದ್ದೆವು.

ಅಪ್ಪ ಕಟಕಟೆಗೆ ಹೊಟ್ಟೆ ಆನಿಸಿ ಕೆಳಗೆ ಬಗ್ಗಿ ನೋಡುತ್ತಿದ್ದ. ಬಂಡೆಯ ಕೆಳಗೆ, ಎರಡಾಳು ಆಳದಲ್ಲಿ, ಪೊದೆ ಬೆಳೆದ ಅಗಲವಾದ ಸಮತಟ್ಟು ಜಾಗ ಇತ್ತು. ಅದರಾಚೆ ಇಳಿಜಾರು.

"ಯಜಮಾನ್ರೇ, ಜೋಪಾನ" ಅಂದ ಗೈಡು.

"ಇಲ್ಲಿಂದಾನೇ ಹಾರಿದ್ದಾ?"

"ಇದೇ ಬಂಡೆ."

"ಇಲ್ಲಿಂದ ಹಾರಿದ್ರೆ ಕಾಲು ಮುರೀಬಹುದು. ಸಾಯೋದು ಹೇಗೆ?"

ಒಂದಿಬ್ಬರು ನಕ್ಕರು. ಗೈಡು ಟೋಪಿ ಹಾಕಿಕೊಂಡ. "ಪ್ರೀತಿಗೆ ಲೆಕ್ಕ ಎಲ್ಲಿ ಯಜಮಾನ್ರೇ? ಬನ್ನಿ, ಊಟದ ಹೊತ್ತಾಯ್ತು."

ಹೊಸ ಜೋಡಿ ರಿಬ್ಬನ್ನು ಕಟ್ಟಿ ಫೋಟೋ ತೆಗೆಸಿಕೊಂಡಿತು. ಜನ ಕ್ಯಾಂಟೀನಿಗೆ ನುಗ್ಗಿದರು. ಉದ್ದನೆಯ ಹಜಾರ, ಎಣ್ಣೆಬಟ್ಟೆ ಹೊದಿಸಿದ ಮೇಜುಗಳು, ಗಾಜಿನ ಕಿಟಕಿಗಳಾಚೆ ಕಡಲು. ಮುಂಬದಿಯ ಶೌಚಾಲಯಕ್ಕೆ ಹನುಮಂತನ ಬಾಲದಂಥ ಸಾಲಿತ್ತು. ಕೆಲಸದವರದ್ದು ಹಿಂದೆ ಇದೆ ಎಂದು ಯಾರೋ ಹೇಳಿದ್ದರಿಂದ ಅವಳು ಅಡುಗೆಮನೆಯ ಪಕ್ಕದ ಓಣಿಯಲ್ಲಿ ಹಿಂದಕ್ಕೆ ಹೋದಳು.

ಹಿಂಬದಿ ಬೇರೆಯೇ ಲೋಕ. ಮುಂದಿನ ಸುಣ್ಣಬಣ್ಣ ಇಲ್ಲಿಗೆ ತಲುಪಿರಲಿಲ್ಲ. ಹೊಗೆ ಹಿಡಿದ ಗೋಡೆ, ಖಾಲಿ ಸಿಲಿಂಡರುಗಳು, ಕೊಳೆತ ತರಕಾರಿಯ ನಾತ. ಗೋಡೆಯ ಬುಡಕ್ಕೆ ತಾಗಿ ಒಂದು ಕಾಲುದಾರಿ. ಅದರ ಇನ್ನೊಂದು ಬದಿಗೆ ಏನೂ ಇಲ್ಲ. ಏನೂ ಇಲ್ಲ ಎಂದರೆ ನಿಜವಾಗಿಯೂ ಏನೂ ಇಲ್ಲ: ಬೆಟ್ಟ ಅಲ್ಲಿಗೆ ಮುಗಿದು, ತಳದಲ್ಲಿ ಕಲ್ಲು ತುಂಬಿದ ಹಳ್ಳವೊಂದು ದಾರದ ಎಳೆಯಂತೆ ಕಾಣುತ್ತಿತ್ತು. ಕಟಕಟೆ ಇರಲಿಲ್ಲ. ನೋಡಲು ಬರುವವರು ಈ ಕಡೆ ಬರುವುದಿಲ್ಲವಲ್ಲ.

ಆ ದಾರಿಯ ಮೇಲೆ ಒಬ್ಬ ಸಣಕಲು ಹೆಂಗಸು ಎರಡು ಕೈಯಲ್ಲಿ ಎರಡು ದೊಡ್ಡ ಡಬ್ಬ ಹಿಡಿದು ನಡೆಯುತ್ತಿದ್ದಳು. ಎಂಜಲು, ಸಿಪ್ಪೆ, ಚಹಾದ ಚರಟ ತುಂಬಿ ತುಳುಕುವ ಡಬ್ಬಗಳು. ದಾರಿಯುದ್ದಕ್ಕೂ ಅದೇ ಚೆಲ್ಲಿ ಚೆಲ್ಲಿ ಲೋಳೆ ಕಟ್ಟಿತ್ತು. ತುದಿಗೆ ಹೋದವಳು ಒಂದು ಡಬ್ಬ ಕೆಳಗಿಟ್ಟು, ಎಡಗೈಯಲ್ಲಿ ಒಂದು ಗಿಡದ ಬುಡ ಹಿಡಿದು, ಬಲಗೈಯಿಂದ ಇನ್ನೊಂದನ್ನು ಪ್ರಪಾತದ ಕಡೆ ಬಗ್ಗಿಸಿದಳು.

"ಅಯ್ಯೋ, ಹುಷಾರಮ್ಮ!" ಎಂದು ಇವಳ ಬಾಯಿಂದ ಬಂದುಬಿಟ್ಟಿತು.

ಹೆಂಗಸು ತಿರುಗಿ ನಕ್ಕಳು. "ಅಭ್ಯಾಸ ಆಗೋಗಿದೆ ಅಕ್ಕಾ. ನೀವು ಈ ಕಡೆ ಬರಬೇಡಿ, ಜಾರುತ್ತೆ."

"ಇಲ್ಲಿ ಯಾಕೆ ಸುರೀತೀರಿ?"

"ಮತ್ತೆಲ್ಲಿ ಸುರೀಲಿ? ಗಾಡೀಲಿ ಕೆಳಗೆ ಕಳಿಸಿ ಅಂದ್ರೆ ನಮ್ಮ ಯಜಮಾನ್ರು ಮೈಮೇಲೆ ಬರ್ತಾರೆ. ಇದಾದ್ರೆ ಸಲೀಸು, ಹಳ್ಳ ನುಂಗ್ಕೊಳುತ್ತೆ." ಎರಡನೆಯ ಡಬ್ಬವನ್ನೂ ಬಗ್ಗಿಸಿ, ತಳಕ್ಕೆ ತಟ್ಟಿದಳು. "ಹಿಂದೆ ಒಬ್ಬಳು ಡಬ್ಬದ ಸಮೇತ ಹೋಗಿಬಿಟ್ಟಳಂತೆ. ಅದಕ್ಕೇ ನನಗೆ ಮೊದಲನೇ ದಿನಾನೇ ಹೇಳ್ಕೊಟ್ರು, ಈ ಗಿಡ ಹಿಡ್ಕೋ ಅಂತ."

"ಯಾರು… ಹೋಗಿದ್ದು?"

"ನನ್ನ ಕೆಲಸದಲ್ಲಿ ಇದ್ದೋಳು. ಅದೇ, ಮುಂದೆ ಹೇಳ್ತಾರಲ್ಲ ಕಥೆ, ಬಸ್ಸು, ಡ್ರೈವರು, ಕಣ್ಣೀರು. ಅವಳೇ!" ಹೆಂಗಸು ಸೆರಗಿಗೆ ಕೈ ಒರೆಸಿಕೊಂಡಳು. "ಪಾಪ, ಚರಟ ಚೆಲ್ಲೋಕೆ ಹೋಗಿ ಸತ್ತಳು ಅಂದ್ರೆ ಯಾರು ರಿಬ್ಬನ್ನು ಕಟ್ತಾರೆ ಹೇಳಿ?"

ಗೋಡೆ ಹಿಡಿದುಕೊಂಡು ನಿಂತವಳಿಗೆ ಆ ಹೆಂಗಸಿನ ಮುಖ ಕಾಣಲಿಲ್ಲ. ಕಂಡದ್ದು ಮೆಣಸಿನ ತಲೆ. ಮನೆಯ ಬಚ್ಚಲಲ್ಲಿ ತಾನೂ ಅಮ್ಮನೂ ಸೇರಿ ತೊಳೆದ ತಲೆ. ಕೂದಲಿನ ತುಂಬ ಚಹಾದ ಚರಟ, ಮೊಟ್ಟೆಯ ಚಿಪ್ಪಿನ ಚೂರು. ಅಮ್ಮ ಒಂದೊಂದೇ ಚಿಪ್ಪು ಹೆಕ್ಕುತ್ತ, "ಇದೆಲ್ಲ ಯಾಕೆ ಬಂತೇ ಇವಳ ತಲೇಲಿ?" ಎಂದು ಕೇಳಿದ್ದಳು. ಮತ್ತೆ ಮತ್ತೆ ಕೇಳಿದ್ದಳು. ತಾನು ರೇಗಿದ್ದೆ: "ಹೆಸರು ಕೆಡಿಸ್ಕೊಂಡು ಹೋಗಿದಾಳೆ, ನೀನು ಚಿಪ್ಪಿನ ಲೆಕ್ಕ ಹಾಕ್ತಾ ಕೂತಿದೀಯಲ್ಲ!" ಅಮ್ಮ ಆಮೇಲೆ ಕೇಳಲಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ತಾನು ಆ ತಲೆಯನ್ನೇ ಕೈಯಲ್ಲಿ ಹಿಡಿದು ನೀರು ಹೊಯ್ದಿದ್ದೆ, ಆದರೂ ನೋಡಿರಲಿಲ್ಲ.

ಅಪ್ಪನಿಗೆ ಹೇಳಬಾರದು. ಅವಳ ತಲೆಗೆ ಮೊದಲು ಬಂದದ್ದು ಅದು. ಇಷ್ಟು ವರ್ಷ ಮಗಳನ್ನು ದ್ವೇಷಿಸಿಯಾದರೂ ಬದುಕಿದ್ದಾನೆ. ಅದನ್ನೂ ಕಿತ್ತುಕೊಂಡರೆ ಈ ಮುದುಕನ ಕೈಯಲ್ಲಿ ಉಳಿಯುವುದೇನು? ಬಸ್ಸು ಹತ್ತಿಸಿ, ಮನೆಗೆ ಕರೆದುಕೊಂಡು ಹೋಗಿಬಿಡಬೇಕು. ಅವಳು ತಿರುಗಿದಳು. ಓಣಿಯ ಬಾಯಲ್ಲಿ ಅಪ್ಪ ನಿಂತಿದ್ದ.

ಎಷ್ಟು ಹೊತ್ತಿನಿಂದ ನಿಂತಿದ್ದನೋ. ಅವನ ಕಣ್ಣು ದಾರಿಯ ಮೇಲಿನ ಲೋಳೆಯ ಮೇಲೆ, ಅಲ್ಲಿಂದ ಗಿಡದ ಮೇಲೆ, ಅಲ್ಲಿಂದ ಕೆಳಗೆ ಹೋಯಿತು.

"ಮೆಣಸು ಹೋಗಿದ್ದು ಇಲ್ಲಿಂದಾನೇನೇ?"

ಆರು ವರ್ಷದಲ್ಲಿ ಮೊದಲ ಸಲ ಆ ಹೆಸರು. ಅವಳು ಅಪ್ಪನಿಗೂ ಆ ದಾರಿಗೂ ನಡುವೆ ಬಂದು ನಿಂತಳು. ಅದೇ ಉತ್ತರವಾಯಿತು.

ಅಷ್ಟರಲ್ಲಿ ಆ ಹೆಂಗಸು ಒಳಗೆ ಹೋಗಿ ಮತ್ತೆರಡು ತುಂಬಿದ ಡಬ್ಬ ತಂದಿದ್ದಳು. ಅಪ್ಪ ಹೋಗಿ ಅವಳ ಕೈಯಿಂದ ಎರಡನ್ನೂ ತೆಗೆದುಕೊಂಡ. ಹಿರಿಯರು, ಸಹಾಯ ಮಾಡುತ್ತಾರೇನೋ ಅಂದುಕೊಂಡು ಅವಳು ಬಿಟ್ಟುಕೊಟ್ಟಳು. ಅಪ್ಪ ಪ್ರಪಾತದ ಕಡೆ ಹೋಗಲಿಲ್ಲ. ಓಣಿ ದಾಟಿ, ಹಜಾರದೊಳಗೆ ಹೋದ. ಜೀವಮಾನವಿಡೀ ಹಿಟ್ಟಿನ ಮೂಟೆ ಹೊತ್ತವನು. ಡಬ್ಬದ ಭಾರಕ್ಕೆ ಒಂದಿಷ್ಟೂ ವಾಲಲಿಲ್ಲ.

ಗಲ್ಲೆಯ ಹಿಂದೆ ಕ್ಯಾಂಟೀನಿನ ಯಜಮಾನ ಕೂತಿದ್ದ. ನುಣ್ಣಗೆ ತಲೆ ಬಾಚಿದ, ಮೆತ್ತಗೆ ಮಾತಾಡುವ ಮನುಷ್ಯ. "ಏನು ಬೇಕಾಗಿತ್ತು ಹಿರಿಯರೇ?" ಅಂದ. ಅಪ್ಪ ಮೊದಲ ಡಬ್ಬವನ್ನು ಗಲ್ಲೆಯ ಮೇಲೆ ಬೋರಲು ಹಾಕಿದ. ಚರಟ, ಸಿಪ್ಪೆ, ಎಂಜಲು ಯಜಮಾನನ ತೊಡೆಗೆ ಇಳಿಯಿತು. ಎರಡನೆಯದು ಹತ್ತಿರದ ಮೇಜಿನ ಮೇಲೆ, ದುರ್ಬೀನಿನ ಮೇಷ್ಟ್ರ ತಟ್ಟೆಯ ಪಕ್ಕ ಬಿತ್ತು. ಹೆಂಗಸರು ಚೀರಿ ಎದ್ದರು.

"ತಗೋ" ಅಂದ ಅಪ್ಪ. "ತಗೊಂಡು ಹೋಗಿ ನೀನೇ ಚೆಲ್ಲು. ನಾನು ನೋಡಬೇಕು."

"ಅಜ್ಜನಿಗೆ ಬಿಸಿಲು ಹತ್ತಿದೆ ಅಂತ ಕಾಣುತ್ತೆ, ಹಿಡ್ಕೊಳ್ರೋ" ಎಂದ ಯಜಮಾನ, ದನಿ ಏರಿಸದೆ. ಇಬ್ಬರು ಅಡುಗೆಯವರು ಅಪ್ಪನ ತೋಳು ಹಿಡಿದರು.

"ಮುಟ್ಟಬೇಡಿ ಅವರನ್ನ!" ಅವಳು ನಡುವೆ ನುಗ್ಗಿದಳು. ಎಲ್ಲರ ಕಣ್ಣೂ ಅವಳ ಮೇಲೆ. ಒಂದೆರಡು ಮೊಬೈಲುಗಳೂ ಎದ್ದವು. "ನೀವೆಲ್ಲ ಈಗ ಕಥೆ ಕೇಳಿ ಬಂದ್ರಲ್ಲ, ಅವಳು ನನ್ನ ತಂಗಿ. ಇವರ ಮಗಳು. ಅವಳು ಯಾವನಿಗೋಸ್ಕರಾನೂ ಸಾಯಲಿಲ್ಲ. ನಿಮ್ಮ ಹಾಗೆ ಬಂದೋರ ಎಂಜಲು ಚೆಲ್ಲೋಕೆ ಹೋಗಿ, ಇದೇ ಗೋಡೆ ಹಿಂದೆ ಜಾರಿ ಬಿದ್ಲು. ಬೇಲಿ ಹಾಕಿಸೋಕೆ ಇವನ ಕೈಲಿ ಆಗಲಿಲ್ಲ, ಅದಕ್ಕೆ ಕಥೆ ಕಟ್ಟಿದ!"

ಹೊಸ ಮದುವಣಗಿತ್ತಿ ಬಾಯಿಗೆ ಕೈ ಅಡ್ಡ ಹಿಡಿದಳು. ಈಗ ಯಾರಾದರೂ ಏನಾದರೂ ಅನ್ನುತ್ತಾರೆ ಎಂದು ಇವಳು ಕಾದಳು. ಮೇಷ್ಟ್ರು ಅಂಗಿಯ ಮೇಲೆ ಸಿಡಿದ ಚರಟವನ್ನು ಕರವಸ್ತ್ರದಿಂದ ಒತ್ತುತ್ತ, "ದುಃಖ ಇರಬಹುದು. ಆದ್ರೆ ಊಟದ ಹೊತ್ತಲ್ಲಿ ಇದೆಲ್ಲ…" ಎಂದರು. ಅಷ್ಟೇ. ಕುರ್ಚಿಗಳು ಮತ್ತೆ ಸದ್ದು ಮಾಡಿದವು.

ಯಜಮಾನ ಅವಳ ಕಡೆ ನೋಡಲೂ ಇಲ್ಲ. ಓಣಿಯ ಬಾಗಿಲಲ್ಲಿ ಬೆಬ್ಬಳಿಸಿ ನಿಂತಿದ್ದ ಆ ಸಣಕಲು ಹೆಂಗಸನ್ನು ಬೆರಳಾಡಿಸಿ ಕರೆದ.

"ಏನು ಹೇಳಿದೆ ಇವರಿಗೆ?"

"ನಾನೇನೂ ಹೇಳಿಲ್ಲ ಸಾರ್. ದೇವರಾಣೆ ಏನೂ ಹೇಳಿಲ್ಲ."

"ಒಳಗಿಂದ ನಿನ್ನ ಬಟ್ಟೆಬರೆ ತಗೋ. ಮಧ್ಯಾಹ್ನದ ಬಸ್ಸಿಗೆ ಇಳಿದು ಹೋಗು."

"ಸಾರ್, ಮಗು ಇದೆ ಸಾರ್, ಹೊಟ್ಟೆ ಮೇಲೆ ಹೊಡೀಬೇಡಿ…" ಅವಳು ಇವಳ ಕಡೆ ತಿರುಗಿದಳು. "ಅಕ್ಕಾ, ಹೇಳಿ ಅಕ್ಕಾ, ನಾನೇನೂ ಹೇಳಿಲ್ಲ ಅಂತ ಹೇಳಿ!"

"ಅವಳೇನೂ ಹೇಳಿಲ್ಲ" ಅಂದಳು ಇವಳು. "ನಾವೇ ನೋಡಿದ್ವಿ. ಅವಳದ್ದೇನೂ ತಪ್ಪಿಲ್ಲ."

ಯಜಮಾನ ಆಗಲೇ ಪ್ಯಾಂಟು ಬದಲಿಸಲು ಒಳಗೆ ಹೋಗಿಯಾಗಿತ್ತು. ಆ ಹೆಂಗಸು ಸ್ವಲ್ಪ ಹೊತ್ತು ಬಾಗಿಲನ್ನೇ ನೋಡಿದಳು. ಆಮೇಲೆ ಇವಳ ಹತ್ತಿರ ಬಂದು, ಕೂಗದೆ, ತೀರ ಸಣ್ಣ ದನಿಯಲ್ಲಿ ಅಂದಳು: "ನಿಮ್ಮೋಳು ಹೇಗಿದ್ರೂ ಸತ್ತೋಗಿದ್ಲು. ನಾನು ಬದುಕಿದ್ದೆನಲ್ಲಾ ಅಕ್ಕಾ, ನಾನೇನು ಮಾಡಿದ್ದೆ ನಿಮಗೆ?"

ಬಸ್ಸು ಹಾರನ್ನು ಹೊಡೆಯುತ್ತಿತ್ತು.

ಇಳಿಜಾರಿನಲ್ಲಿ ಗೈಡು ಮೈಕು ಮುಟ್ಟಲಿಲ್ಲ. ಜನ ಮೊದಮೊದಲು ಪಿಸುಗುಟ್ಟಿದರು, ಆಮೇಲೆ ನಿದ್ದೆ ಹೋದರು. ಅಪ್ಪ ಈಗಲೂ ಕಿಟಕಿಯ ಪಕ್ಕ ಕೂತಿದ್ದ. ಅವನ ಕೈಯಿಂದ ಕೊಳೆತ ಸಿಪ್ಪೆಯ ನಾತ ಬರುತ್ತಿತ್ತು, ತೊಳೆದುಕೊಳ್ಳಿ ಎಂದರೆ ಬೇಡ ಅಂದಿದ್ದ. ಬಹಳ ಹೊತ್ತಿನ ಮೇಲೆ ಗೈಡು ಬಂದು ಅವರ ಸೀಟಿನ ಪಕ್ಕದ ನಡುದಾರಿಯಲ್ಲಿ ಕುಕ್ಕರಿಸಿದ.

"ನಿಮ್ಮ ಮಗಳು ಅಂತ ನನಗೆ ಗೊತ್ತಿರಲಿಲ್ಲ ಯಜಮಾನ್ರೇ."

"ಗೊತ್ತಿದ್ದಿದ್ರೆ ಹೇಳ್ತಿರಲಿಲ್ವಾ?" ಎಂದು ಅವಳು ಕೇಳಿದಳು.

ಗೈಡು ಯೋಚಿಸಿದ. "ಇವತ್ತೊಂದು ದಿನ ಹೇಳ್ತಿರಲಿಲ್ಲ."

ಆ ಮಾತು ಕೇಳಿ ಅವಳಿಗೆ ವಿಚಿತ್ರವಾಗಿ ಸಿಟ್ಟು ಇಳಿಯಿತು. ಸುಳ್ಳಾದರೂ ಹೇಳಲಿಲ್ಲವಲ್ಲ.

"ಆ ಡ್ರೈವರು ನಮ್ಮ ಕಂಪನಿಯೋನೇ" ಎಂದ ಗೈಡು. "ಅವಳ ಹಿಂದೆ ಬಿದ್ದಿದ್ದು ನಿಜ. ಒಂದಿನ ಹಿಂದಿಂದ ಬಂದು ಜಡೆ ಎಳೆದ. ಅವಳು ತಿರುಗಿದವಳೇ ಕೈಲಿದ್ದ ಬಿಸಿ ಚಹಾನ ಮುಖಕ್ಕೆ ಎರಚಿಬಿಟ್ಲು. ಮುಲಾಮು ಹಚ್ಕೊಂಡು ಗಾಡಿ ಓಡಿಸ್ತಿದ್ದ ಪಾಪಿ. ಅವಳು ಹೋದ ಮೇಲೆ, ನನಗೋಸ್ಕರಾನೇ ಸತ್ತಳು ಅಂತ ಅವನೇ ಹೇಳ್ಕೊಂಡು ತಿರುಗಿದ. ಕ್ಯಾಂಟೀನಿನೋರಿಗೂ ಅಂಥದ್ದೇ ಒಂದು ಮಾತು ಬೇಕಾಗಿತ್ತು."

ಅಪ್ಪ ಮೊದಲ ಸಲ ಕಿಟಕಿಯಿಂದ ಮುಖ ತಿರುಗಿಸಿದ. "ಮುಖಕ್ಕಾ?"

"ಮುಖಕ್ಕೇ."

ಅಪ್ಪ ನಕ್ಕ. ಅದು ನಗುವಾಗಿಯೇ ಶುರುವಾಯಿತು, ಭುಜ ಕುಲುಕಿ, ಹಲ್ಲು ಕಾಣುವಂತೆ. ಆದರೆ ನಿಲ್ಲಲಿಲ್ಲ. ನಿಲ್ಲದೆ ನಿಲ್ಲದೆ ಬೇರೆಯೇ ಏನೋ ಆಯಿತು. ನಿದ್ದೆ ಹೋದವರು ಎದ್ದು ಕೂತರು. ಅವಳು ಅಪ್ಪನ ನಾರುವ ಕೈಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಕೊನೆಯ ತಾಣ ಸೂರ್ಯಾಸ್ತದ ತೀರ. ಟಿಕೆಟ್ಟಿನಲ್ಲಿ ಸೇರಿದ್ದರಿಂದ ಬಿಡುವ ಹಾಗಿರಲಿಲ್ಲ. ಎಲ್ಲರೂ ಇಳಿದು ಹೋದರು, ಕೂಗು, ನಗು ದೂರದಿಂದ ಕೇಳುತ್ತಿತ್ತು. ತಂದೆ ಮಗಳು ಖಾಲಿ ಬಸ್ಸಿನಲ್ಲಿ ಕೂತು, ಮುಂದಿನ ಸೀಟಿನ ಬೆನ್ನಿನ ಮೇಲೆ ಬೆಳಕು ಕೆಂಪಾಗಿ, ಕಂದಿ, ಹೋಗುವುದನ್ನು ನೋಡಿದರು.

ಆಮೇಲೆ ಮಾಡಬೇಕಾದ್ದನ್ನೆಲ್ಲ ಮಾಡಿದರು. ಪೊಲೀಸ್ ಠಾಣೆಗೆ ಹೋದರು. ಅಧಿಕಾರಿ ಕುರ್ಚಿ ಕೊಟ್ಟು ಕೂರಿಸಿ, "ಹಾರಿದಳು ಅಂತ ನಿಮ್ಮೋರೇ ಹೇಳಿ ಹೆಣ ತಗೊಂಡು ಹೋಗಿದಾರಲ್ಲಮ್ಮಾ, ಈಗ ಎದ್ದು ಬಂದು ಅಲ್ಲ ಅಂದ್ರೆ?" ಎಂದು ಮೆತ್ತಗೆ ಕೇಳಿದ. ಚಿಕ್ಕಪ್ಪನನ್ನು ಕೇಳಿದರೆ ಅವನು ತಲೆ ಚಚ್ಚಿಕೊಂಡು ಅತ್ತ: "ಅವರು ಹೇಳಿದ್ದನ್ನ ನಾನು ಹೇಳಿದೆ ಅಣ್ಣಾ. ನೀನಾದ್ರೂ ಬಂದಿದ್ರೆ ಕೇಳ್ತಿದ್ದೆಯೇನೋ."

ಹಜಾರದಲ್ಲಿ ಯಾರೋ ತೆಗೆದ ವಿಡಿಯೋ ನಾಲ್ಕು ದಿನ ಅಲ್ಲಿ ಇಲ್ಲಿ ಓಡಾಡಿತು. ಕನ್ನಡಕದ ಅಂಗಡಿಯಲ್ಲಿ ಬಿಲ್ಲು ಬರೆಯುವವಳು ಅದನ್ನು ನೋಡಿ, ಇವಳ ಮುಂದೆ ಕೂತು ಅತ್ತಳು. ಇವಳೇ ಅವಳನ್ನು ಸಮಾಧಾನ ಮಾಡಬೇಕಾಯಿತು. ಆಮೇಲೆ ಜನಕ್ಕೆ ಬೇರೆ ವಿಡಿಯೋ ಸಿಕ್ಕಿತು.

ಅಪ್ಪ ಊಟ ಬಿಟ್ಟ. ಬಿಡುತ್ತೇನೆ ಎಂದು ಬಿಟ್ಟದ್ದಲ್ಲ. ತಟ್ಟೆಯ ಮುಂದೆ ಕೂರುತ್ತಿದ್ದ, ಎರಡು ತುತ್ತು ತಿಂದು ಉಳಿದದ್ದನ್ನು ನೋಡುತ್ತಿದ್ದ. ತಟ್ಟೆಯಲ್ಲಿ ಮಿಕ್ಕಿದ್ದನ್ನು ಎಲ್ಲಿ ಹಾಕುತ್ತೀಯೆಂದು ಮಗಳನ್ನು ಕೇಳುತ್ತಿದ್ದ. ದಿನವೂ ಕೇಳುತ್ತಿದ್ದ. ಅವನ ಕೆನ್ನೆಗಳು ಇಳಿದವು, ಅಂಗಿಯ ಕೊರಳಪಟ್ಟಿ ದೊಡ್ಡದಾಯಿತು.

ಅವಳಿಗೋ ಬೇರೆ ಒಂದು ದನಿ ಕಾಡುತ್ತಿತ್ತು, ಆ ಸಣಕಲು ಹೆಂಗಸಿನದ್ದು. ಒಂದು ದಿನ ಅಂಗಡಿಗೆ ರಜೆ ಹಾಕಿ, ಮನೆಯಲ್ಲಿ ಹೇಳದೆ, ಸಾದಾ ಬಸ್ಸು ಹಿಡಿದು ಬೆಟ್ಟಕ್ಕೆ ಹೋದಳು. ಆ ಹೆಂಗಸಿನ ವಿಳಾಸ ಸಿಕ್ಕರೆ ಕೈಹಿಡಿದು ಏನಾದರೂ ಹೇಳಬಹುದು, ಎಲ್ಲಾದರೂ ಕೆಲಸ ನೋಡಿಕೊಡಬಹುದು ಎಂಬ ಆಸೆ. ಮುಂಬಾಗಿಲಿಗೆ ಹೋಗದೆ ನೇರ ಹಿಂದಕ್ಕೆ ಹೋದಳು.

ಬೇಲಿ ಬಂದಿತ್ತು. ಕಾಲುದಾರಿಯ ಅಂಚಿನುದ್ದಕ್ಕೂ ಸಿಮೆಂಟಿನ ಕಂಬ ನೆಟ್ಟು, ಮೂರು ಸಾಲು ದಪ್ಪ ತಂತಿ ಎಳೆದಿದ್ದರು. ಎಳೆದು ನೋಡಿದಳು; ಗಟ್ಟಿಯಾಗಿತ್ತು. ಇದಾದರೂ ಆಯಿತಲ್ಲ ಎಂದು ಕಂಬ ಹಿಡಿದುಕೊಂಡು ನಿಂತಳು. ಅಷ್ಟರಲ್ಲಿ ಅಡುಗೆಮನೆಯಿಂದ ತಲೆ ನರೆತ ಒಬ್ಬ ಹೆಂಗಸು ಎರಡು ಡಬ್ಬ ಹಿಡಿದು ಬಂದಳು. ಬಂದು, ಡಬ್ಬಗಳನ್ನು ತಂತಿಯ ಕೆಳಗಿಂದ ಆಚೆಗೆ ತಳ್ಳಿ, ಸೊಂಟ ಹಿಡಿದುಕೊಂಡು ಬಗ್ಗಿ, ತಾನೂ ತೂರಿದಳು. ಆ ಕಡೆ ನಿಲ್ಲಲು ಇದ್ದದ್ದು ಒಂದು ಅಂಗೈ ಅಗಲದ ಜಾಗ.

"ಅಮ್ಮಾ, ಈ ಕಡೆಯಿಂದಾನೇ ಚೆಲ್ಲಬಹುದಲ್ಲ!"

"ಗಾಳಿ ಈ ಕಡೆಗೆ ಹೊಡೆಯುತ್ತೆ ತಾಯೀ. ಗೋಡೆಗೆಲ್ಲ ಸಿಡಿಯುತ್ತೆ, ಬೈತಾರೆ." ಮುದುಕಿ ಡಬ್ಬ ಬಗ್ಗಿಸಿ, ಏದುಸಿರು ಬಿಡುತ್ತ ಮತ್ತೆ ಈಚೆಗೆ ತೂರಿ ಬಂದಳು. ಮೊದಲಿದ್ದವಳ ಬಗ್ಗೆ ಕೇಳಿದರೆ ತಲೆಯಾಡಿಸಿದಳು. "ನಾನು ಬರೋ ಹೊತ್ತಿಗೆ ಯಾರೂ ಇರಲಿಲ್ಲಮ್ಮ. ಮಗು ಕಟ್ಕೊಂಡು ಎಲ್ಲೋ ಹೋದಳಂತೆ. ಎಲ್ಲಿಗೆ ಅಂತ ಯಾರು ಕೇಳ್ತಾರೆ?"

ಅವಳು ಸಂಜೆ ಮನೆಗೆ ಬಂದಾಗ ಅಪ್ಪ ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದ. ಅವಳ ಚಪ್ಪಲಿಗೆ ಹತ್ತಿದ ಕೆಂಪು ಮಣ್ಣನ್ನು ನೋಡಿದ.

"ಬೇಲಿ ಹಾಕಿದಾರೆ ಅಪ್ಪ" ಅಂದಳು.

"ಹೌದಾ?"

"ಹೂಂ. ಕಂಬ ನೆಟ್ಟು, ತಂತಿ ಎಳೆದಿದಾರೆ."

"ಗಟ್ಟಿಯಾಗಿದೆಯಾ?"

"ಎಳೆದು ನೋಡಿದೆ. ಗಟ್ಟಿಯಾಗಿದೆ."

ಅಪ್ಪ ತಲೆಯಾಡಿಸಿದ. ಮೊಣಕಾಲಿಗೆ ಕೈಯೂರಿ ಎದ್ದ. ಹಸಿವಾಗುತ್ತಿದೆ ಎಂದ. ಅವಳು ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಅಪ್ಪನಿಗೆ ಬಡಿಸಲು ಒಳಗೆ ಹೋದಳು.